ಟೇಪು ಇಳಿಸಿದ ಸೊಂಟ

"ಇನ್ನು ನಾಲ್ಕೇ ವಾರ! ನನ್ನ ಸೊಂಟ ನಲವತ್ತರಿಂದ ಮೂವತ್ತಾರಕ್ಕೆ ಇಳಿಯದಿದ್ರೆ ನಾನು ಟೈಲರೇ ಅಲ್ಲ!"

ಹೀಗೆಂದು ನಾನು ಘೋಷಿಸಿದಾಗ ನಮ್ಮ ಯಜಮಾನರು ಹಿಂದಿನ ಶೆಡ್ಡಿನಲ್ಲಿ ಹಲಗೆ ಉಜ್ಜುತ್ತಿದ್ದರು. ಅವರು ಬಡಗಿ. ತಲೆ ಎತ್ತದೆ ಕೇಳಿದರು:

"ಊಟ ಬಿಡ್ತೀಯಾ?"

"ಯಾಕ್ರೀ ಬಿಡ್ಲಿ? ಮಾತ್ರೆ ತರಿಸಿದೀನಿ!"

ಡಬ್ಬಿಯ ಮೇಲಿನ ಚಿತ್ರದಲ್ಲಿ ಒಬ್ಬಳು ತನ್ನ ಹಳೆಯ ಪ್ಯಾಂಟಿನ ಒಂದೇ ಕಾಲಿನೊಳಗೆ ನಿಂತು ನಗುತ್ತಿದ್ದಳು. ಆ ನಗುವಿಗೆ ನಾನು ಸೋತಿದ್ದೆ.

ನನ್ನ ಆಸೆಗೂ ಕಾರಣವಿತ್ತು. ನಮ್ಮದು ಪ್ರಾರ್ಥನಾ ಗೀತೆ ಹಾಡುವ ಎಂಟು ಹೆಂಗಸರ ತಂಡ. ತಿಂಗಳ ಕೊನೆಯ ಭಾನುವಾರ ಆಸ್ಪತ್ರೆಯಲ್ಲಿ ರೋಗಿಗಳೆದುರು ಹಾಡುವುದಿತ್ತು. ಎಂಟೂ ನೀಲಿ ನಿಲುವಂಗಿಗಳನ್ನು ಹೊಲಿಯುವವಳು ನಾನೇ, ಹನ್ನೊಂದು ವರ್ಷಗಳಿಂದ ಹಿಂದಿನ ಸಾಲಿನ ಮೂಲೆಯಲ್ಲಿ ನಿಲ್ಲುವವಳೂ ನಾನೇ! ಯಾಕೆಂದು ಯಾರೂ ಹೇಳಿರಲಿಲ್ಲ. ಕನ್ನಡಿ ಹೇಳಿತ್ತು. ದೇವರಿಗೆ ಎಲ್ಲ ಸಾಲೂ ಒಂದೇ ಎಂದು ಬಲ್ಲೆ. ಆದರೆ ಫೋಟೋ ತೆಗೆಯುವವನು ದೇವರಲ್ಲವಲ್ಲ!

ದಿನಾ ಬೆಳಿಗ್ಗೆ ಕೈಮುಗಿದು ಎರಡು ಮಾತ್ರೆ ನುಂಗುತ್ತಿದ್ದೆ. ಆಮೇಲೆ ಅಳತೆಯ ಮಹಾಕಾರ್ಯ! ನನ್ನ ಟೇಪಿನ ಒಂದು ತುದಿಯನ್ನು ಬೀರುವಿನ ಬಾಗಿಲಿಗೆ ಸಿಕ್ಕಿಸಿ, ಇನ್ನೊಂದನ್ನು ಹೊಟ್ಟೆಗೆ ಒತ್ತಿ ಹಿಡಿದು, ಬುಗುರಿಯಂತೆ ಸುತ್ತಿಕೊಂಡು ಬಿಗಿಯಾಗಿ ಎಳೆಯುತ್ತಿದ್ದೆ. ಬೀರು ಕಿರ್ರೆನ್ನುತ್ತಿತ್ತು. ಮೊದಲ ವಾರ ಮೂವತ್ತೊಂಬತ್ತೂವರೆ! ಎರಡನೆಯ ವಾರ ಮೂವತ್ತೊಂಬತ್ತು! ಮೂರನೆಯ ವಾರ ಮೂವತ್ತೆಂಟು!

ಸುಮ್ಮನಿರುವುದುಂಟೆ? ಎರಡನೆಯ ವಾರಕ್ಕೇ ನಮ್ಮ ತಂಡದ ಬೇಕರಿ ಅಕ್ಕನಿಗೂ ಒಂದು ಡಬ್ಬಿ ತರಿಸಿಕೊಟ್ಟಿದ್ದೆ. ಅವಳನ್ನು ನೋಡಿ ಇನ್ನೂ ಹಲವರು ತರಿಸಿದರು. ಮೂರನೆಯ ವಾರ ನಿಲುವಂಗಿಗೆ ಅಳತೆ ತೆಗೆದರೆ, ಪುಸ್ತಕದಲ್ಲಿ ಬರೆದಿದ್ದ ಕಳೆದ ವರ್ಷದ ಅಳತೆಗಿಂತ ಎಲ್ಲರೂ ಇಳಿದಿದ್ದರು!

"ನಿಜವಾಗ್ಲೂ ಇಳಿದಿದೀನೇನೆ?" ಎಂದು ಬೇಕರಿ ಅಕ್ಕ ನನ್ನನ್ನು ತಬ್ಬಿಕೊಂಡಳು.

ನಮ್ಮ ತಂಡದ ಮುಖ್ಯಸ್ಥೆ ಟೀಚರಮ್ಮ. ಅವರು ಮಾತ್ರೆ ಮುಟ್ಟಿಯೇ ಇರಲಿಲ್ಲ. ಅವರೂ ಒಂದೂವರೆ ಇಂಚು ಇಳಿದಿದ್ದರು! ಅಲ್ಲಾದರೂ ನನ್ನ ತಲೆ ಓಡಬೇಕಿತ್ತು. ನಾನೋ, ಪಕ್ಕದಲ್ಲಿ ಕೂತವರಿಗೂ ಗುಣ ಕೊಡುವ ಮಾತ್ರೆಯೆಂದು ಇನ್ನಷ್ಟು ಹೊಗಳಿದೆ!

ಕಾರ್ಯಕ್ರಮದ ಹಿಂದಿನ ದಿನ ಮಧ್ಯಾಹ್ನ ಎಲ್ಲರೂ ನಮ್ಮ ಮನೆಯಲ್ಲಿ ನಿಲುವಂಗಿ ತೊಟ್ಟು ನೋಡಿದರು. ತೊಟ್ಟರು ಎನ್ನುವುದಕ್ಕಿಂತ ತುರುಕಿಕೊಂಡರು ಎನ್ನಬೇಕು.

"ಉಸಿರಾಡೋಕಾಗ್ತಿಲ್ಲ ಕಣೆ," ಎಂದಳು ಬೇಕರಿ ಅಕ್ಕ.

"ಹಾಡೋಕೆ ಉಸಿರು ಬೇಕಲ್ಲ!" ಎಂದರು ಟೀಚರಮ್ಮ. "ಎಲ್ಲಿ, ಒಂದು ಸಲ ಮೇಲಿನ ಸ್ವರ ಹಿಡೀರಿ."

ಹಿಡಿದೆವು. ಟಪ್! ಬೇಕರಿ ಅಕ್ಕನ ಸೊಂಟದ ಹುಕ್ಕು ಹಾರಿ, ಬಾಗಿಲಲ್ಲಿ ನಿಂತಿದ್ದ ಯಜಮಾನರ ಟೀ ಲೋಟಕ್ಕೆ ಬಿತ್ತು. ಅವರು ಹುಕ್ಕನ್ನು ತೆಗೆದಿಟ್ಟು, ಜೇಬಿನಿಂದ ತಮ್ಮ ಉಕ್ಕಿನ ಟೇಪು ಎಳೆದು, ನನ್ನ ಟೇಪಿನ ಪಕ್ಕದಲ್ಲಿ ಮೇಜಿನ ಮೇಲೆ ಚಾಚಿದರು.

"ಅರವತ್ತಿಂಚಿನ ಟೇಪು. ಈಗ ಉದ್ದ ಅರವತ್ಮೂರು. ನೀನು ಇಳಿದಿಲ್ಲ ಮಾರಾಯ್ತಿ, ಟೇಪು ಬೆಳೆದಿದೆ!"

ದಿನಾ ಎಳೆದೆಳೆದು ಹಿಗ್ಗಿಸಿದ ಆ ಟೇಪಿನಲ್ಲೇ ಎಲ್ಲರ ಮೈಯ ಅಳತೆ ತೆಗೆದಿದ್ದೆ. ಬಟ್ಟೆಯನ್ನು ಮಾತ್ರ ಯಜಮಾನರು ಮಾಡಿಕೊಟ್ಟ ಮರದ ಸ್ಕೇಲಿನಲ್ಲಿ ಗುರುತು ಹಾಕಿ ಕತ್ತರಿಸಿದ್ದೆ. ಇಪ್ಪತ್ತಾರು ವರ್ಷಗಳಲ್ಲಿ ನಾನು ಹೊಲಿದ ಒಂದು ಬಟ್ಟೆಯೂ ವಾಪಸ್ಸು ಬಂದಿರಲಿಲ್ಲ. ಈಗ ಒಂದೇ ದಿನ ಎಂಟು! ಬೆಳಗಾದರೆ ರೋಗಿಗಳೆದುರು ನಿಲ್ಲಬೇಕು.

"ತಪ್ಪೆಲ್ಲ ನಂದೇ," ಎಂದೆ.  ಬೇಕರಿ ಅಕ್ಕ ನಗತೊಡಗಿದಳು, ನಕ್ಕ ರಭಸಕ್ಕೆ ಇನ್ನೊಂದು ಹುಕ್ಕೂ ಹೋಯಿತು!

ದೇವರು ದೊಡ್ಡವನು. ಒಳಹೊಲಿಗೆಯಲ್ಲಿ ಎರಡೆರಡು ಇಂಚು ಬಟ್ಟೆ ಬಿಡುವುದು ನನ್ನ ಹಳೆಯ ಅಭ್ಯಾಸ. ಎಂಟು ಜನರೂ ನೆಲದ ಮೇಲೆ ಕೂತು ಹೊಲಿಗೆ ಬಿಚ್ಚಿದೆವು. ಬೇಕರಿ ಅಕ್ಕ ಮಾತ್ರೆ ಡಬ್ಬಿಯೊಳಗಿನ ಚೀಟಿ ಬಿಡಿಸಿ, ಇರುವೆಯಂಥ ಅಕ್ಷರಗಳನ್ನು ಓದಿದಳು:

"ಮಿತವಾದ ಊಟ ಮತ್ತು ದಿನಕ್ಕೊಂದು ಗಂಟೆ ನಡಿಗೆಯ ಜೊತೆ ಸೇವಿಸಿದರೆ ಮಾತ್ರ ಫಲ. ಅಯ್ಯೋ! ಊಟ ಕಡಿಮೆ ಮಾಡಿ, ಒಂದು ಗಂಟೆ ನಡೆದ್ಮೇಲೆ ಈ ಮಾತ್ರೆಗೇನು ಕೆಲಸ ಕಣೆ?"

"ಪಾಪ, ಅದೂ ಜೊತೆಗೆ ನಡೆಯುತ್ತೆ!" ಎಂದರು ಟೀಚರಮ್ಮ.

ಧೈರ್ಯ ತಂದುಕೊಂಡು ಕೇಳಿಯೇಬಿಟ್ಟೆ. "ಟೀಚರಮ್ಮ, ಇನ್ನು ನನಗೆ ಹಿಂದಿನ ಸಾಲೇ ಗತಿಯಾ?"

"ನಿನ್ನ ಗಂಟಲು ದೊಡ್ಡದು ಅಂತ ಹಿಂದೆ ನಿಲ್ಲಿಸಿದ್ದು ಕಣೆ! ಸೊಂಟ ನೋಡಿದವರು ಯಾರು?"

ಮರುದಿನ ಎದೆ ತುಂಬ ಉಸಿರೆಳೆದು ಹಾಡಿದೆವು. ಹಿಂದಿನ ಸಾಲಿನ ಮೂಲೆಯಿಂದ ನಾನು ಎತ್ತಿದ ದನಿಗೆ, ಕೊನೆಯ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಅಜ್ಜಿಯೊಬ್ಬರು ಎಚ್ಚೆತ್ತು ತಾಳ ಹಾಕಿದರು.

ಈಗ ಎಂಟೂ ಜನ ಬೆಳಿಗ್ಗೆ ಒಂದು ಗಂಟೆ ನಡೆಯುತ್ತೇವೆ. ಅನ್ನ ಎರಡನೆಯ ಸಲ ಬಡಿಸಿಕೊಳ್ಳುವುದಿಲ್ಲ. ಮಾತ್ರೆಯ ಡಬ್ಬಿಯಲ್ಲಿ ಈಗ ಹುಕ್ಕುಗಳಿವೆ. ತಿಂಗಳಾದ ಮೇಲೆ ಯಜಮಾನರ ಉಕ್ಕಿನ ಟೇಪಿಗೇ ಸೊಂಟ ಒಪ್ಪಿಸಿದೆ.

"ಒಂದಿಂಚು ಇಳಿದಿದೆ!" ಎಂದರು.

"ನೋಡಿದ್ರಾ! ಈ ಸಲ ಟೇಪು ಉಕ್ಕಿಂದು, ಬೆಳೆಯೋ ಹಾಗಿಲ್ಲ!"

"ಹೌದು ಹೌದು. ಈಗ ಉಸಿರು ಬಿಡು."

ಬಿಟ್ಟೆ. ಒಂದಿಂಚು ಕಾಲಿಂಚಾಯಿತು.

ಇರಲಿ. ಆ ಕಾಲಿಂಚು ಮಾತ್ರ ಅಪ್ಪಟ ನನ್ನದು!