ಕಾಕಾ ಮತ್ತು ನಡುವೆ ಕುಳಿತ ದಲಾಲಿ

ನಮ್ಮ ಕಾಕಾ ಯಾರನ್ನೂ ನಂಬುತ್ತಿರಲಿಲ್ಲ ಎಂದು ಮೂಡಲಗಿಯ ಜನ ಈಗಲೂ ಹೇಳುತ್ತಾರೆ. ಇದು ಅಪಪ್ರಚಾರ! ಅವರು ತಮ್ಮನ್ನು ತಾವೂ ನಂಬುತ್ತಿರಲಿಲ್ಲ ಎಂಬುದನ್ನು ಸೇರಿಸದಿದ್ದರೆ ಅವರಿಗೆ ಅನ್ಯಾಯವಾಗುತ್ತದೆ. ಬೀಗ ಹಾಕಿ, ನಾಲ್ಕು ಹೆಜ್ಜೆ ನಡೆದು, ತಿರುಗಿ ಬಂದು ಜಗ್ಗಿ ನೋಡುವವರು ಎಲ್ಲ ಊರಲ್ಲೂ ಇದ್ದಾರೆ. ನಮ್ಮ ಕಾಕಾ ಜಗ್ಗಿ ನೋಡಿದ ಮೇಲೆ, ಜಗ್ಗಿದ್ದರಿಂದಲೇ ಬೀಗ ಸಡಿಲಾಗಿರಬಹುದೆಂದು ಮತ್ತೊಮ್ಮೆ ಹೋಗುತ್ತಿದ್ದರು. ಗೋಕಾಕದಲ್ಲಿ ಕರದಂಟು ಕೊಳ್ಳುವಾಗ, "ಮೊದಲ ನೀವ ಒಂದ ತುಣುಕ ತಿನ್ರಿ, ನೋಡೂಣು" ಎಂದು ಅಂಗಡಿಯವನಿಗೇ ತಿನ್ನಿಸುತ್ತಿದ್ದರು. ಆ ಮನುಷ್ಯ ಅಷ್ಟು ದಪ್ಪಗಾದದ್ದು ನಮ್ಮ ಕಾಕಾನಿಂದಲೇ ಎಂದು ನನಗೆ ಗುಮಾನಿ. ನೋಡಿ, ಗುಮಾನಿ ನಮ್ಮ ಮನೆತನದಲ್ಲೇ ಇದೆ!

ಇಂಥವರು ಒಂದು ಹಳೆಯ ಮೋಟಾರು ಕೊಂಡರು. ಬಟ್ಟೆಯ ಟಪ್ಪಿನ, ಹಿತ್ತಾಳೆ ದೀಪಗಳ, ನೋಡಲು ರಾಜಠೀವಿಯ ಗಾಡಿ. ಆದರೆ ಏರು ಕಂಡರೆ ಸಾಕು, ಕೆಮ್ಮಿ ನಿಂತುಬಿಡುತ್ತಿತ್ತು. ಆಗ ಒಳಗಿದ್ದವರೆಲ್ಲ ಇಳಿದು ದಬ್ಬಬೇಕು. ದಬ್ಬುವ ಮೊದಲು ಕಾಕಾ ನಮ್ಮನ್ನು ಒಬ್ಬೊಬ್ಬರನ್ನೇ ದಿಟ್ಟಿಸಿ ನೋಡಿ ಕೇಳುತ್ತಿದ್ದರು: "ಖರೆ ಹೇಳ್ರಿ, ಮುಂಜಾನಿ ಯಾರು ಎಷ್ಟ ತಿಂದ್ರಿ?"

ಎರಡನೆಯ ಮಹಾಯುದ್ಧ ಮುಗಿಯಿತು. ಬೆಳಗಾವಿಯಲ್ಲಿ ಮಿಲಿಟರಿಯ ಹಳೆಯ ಸಾಮಾನು ಮಾರಾಟಕ್ಕೆ ಬಂತು. ಕಾಕಾ ಒಂದು ಲಾರಿಯ ಇಂಜಿನ್ನು ತಂದು ಗೋಕಾಕದ ಮಿಸ್ತ್ರಿಯ ಎದುರಿಗೆ ಇಳಿಸಿದರು. ಮಿಸ್ತ್ರಿ ಹುರುಪಿನ ಮನುಷ್ಯ. ಮೊದಲು ಮಾಡಿ ಆಮೇಲೆ ಯೋಚಿಸುವವನು. ಇಂಜಿನ್ನು ಕೂಡಿಸಿಯೇಬಿಟ್ಟ. ಕಾಕಾ ಗಾಡಿ ಎಬ್ಬಿಸಿದರು. ಸಿಂಹದಂತೆ ಗರ್ಜಿಸಿತು! ಗಿಯರು ಹಾಕಿದರು. ಹಿಂದುಗಡೆ 'ಕಟಕ್' ಎಂದಿತು. ಇಂಜಿನ್ನು ಗರ್ಜಿಸುತ್ತಲೇ ಇದೆ, ಗಾಡಿ ಮಾತ್ರ ಅಲ್ಲಾಡಲೊಲ್ಲದು.

ಮಿಸ್ತ್ರಿ ಗಾಡಿಯ ಕೆಳಗೆ ತೂರಿ, ಮುರಿದ ಹಲ್ಲುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಹೊರಗೆ ಬಂದ. ಹಿಂದಿನ ಎರಡು ಗಾಲಿಗಳ ನಡುವೆ, ಅಚ್ಚಿನಲ್ಲಿ, ಕುಂಬಳಕಾಯಿಯ ಹಾಗೆ ಉಬ್ಬಿದ ಒಂದು ಕಬ್ಬಿಣದ ಗುಂಡು ಇರುತ್ತದೆ. ಡಿಫರೆನ್ಶಿಯಲ್ ಎಂದು ಅದರ ಹೆಸರು. ಅದರೊಳಗಿನ ಹಲ್ಲುಗಾಲಿಗಳು ಹಳೆಯ ಇಂಜಿನ್ನಿನ ಶಕ್ತಿಗೆ ಮಾಡಿದವು; ಹೊಸದರ ಏಟಿಗೆ ಪುಡಿಯಾಗಿದ್ದವು.

"ಅದರ ಕೆಲಸರೆ ಏನು?" ಕಾಕಾ ಕೇಳಿದರು.

"ತಿರವಿನ್ಯಾಗ ಒಳಗಿನ ಗಾಲಿ ಸಾವಕಾಶ, ಹೊರಗಿನದು ಜೋರ ತಿರಗಬೇಕರಿ. ಇಂಜಿನ್ನಿನ ಶಕ್ತಿ ಇದ ಎರಡೂ ಕಡೆ ಹಂಚತೈತಿ."

ಬೆಲ್ಲದ ವ್ಯಾಪಾರಿಯಾದ ಕಾಕಾನ ಹುಬ್ಬು ಮೇಲೇರಿತು. "ಅಂದ್ರ ದಲಾಲಿ! ನಡುವ ಕುಂತ ಹಂಚಾವ್ರು ತಮಗಷ್ಟ ಇಟಗೊಳ್ಳದ ಇರತಾರೇನು?"

"ಸ್ವಲ್ಪ ತಿಂತೈತ್ರಿ" ಎಂದು ಮಿಸ್ತ್ರಿ ಒಪ್ಪಿಕೊಂಡುಬಿಟ್ಟ.

"ನಾ ಹೇಳಲಿಲ್ಲ?"

ಕೊನೆಗೆ ಆ ಲಾರಿಯದೇ ಹಿಂದಿನ ಅಚ್ಚನ್ನು, ಅದರ ದಪ್ಪ ಗುಂಡಿನ ಸಮೇತ, ತಂದು ಕೂಡಿಸುವುದೆಂದಾಯಿತು. ಅದು ಅಗಲವಾಗಿತ್ತು, ಎರಡೂ ಕಡೆ ಕತ್ತರಿಸಿ ಬೆಸೆಯಬೇಕಾಯಿತು. ಕೆಲಸ ಮುಗಿಯುವವರೆಗೆ ಕಾಕಾ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಕೊಡೆ ಬಿಚ್ಚಿಕೊಂಡು, ಕಾವಲು ಕುಳಿತರು. ಮಿಸ್ತ್ರಿ ಚಹಾ ಕುಡಿಯಲು ಹೋದರೆ ಹಲ್ಲುಗಾಲಿಗಳನ್ನು ಟವೆಲಿನಲ್ಲಿ ಗಂಟು ಕಟ್ಟಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು.

ಆ ದಿನ ಬಂತು. ಕಾಕಾ ಮೊದಲನೆಯ ಗಿಯರು ಹಾಕಿದರು. ಮೋಟಾರು ಗುಡುಗಿ, ಚಿಮ್ಮಿ, ಹಿಂದಕ್ಕೆ ಹೊರಟಿತು!

"ಯಾರಲೇ ಹಿಂದ ಜಗ್ಗಾವ್ರು! ಬಿಡ್ರಲೇ!" ಎಂದು ಕಾಕಾ ಕೂಗುತ್ತಲೇ ಇದ್ದರು. ಗಾಡಿ ಹೋಗಿ ಜೋಳದ ಕಣಿಕೆಯ ಬಣವೆಯೊಳಗೆ ಹೊಕ್ಕು ನಿಂತಿತು. ಮಿಸ್ತ್ರಿ ಕೆಳಗೆ ಬಗ್ಗಿ ನೋಡಿ ತಲೆ ಕೆರೆದುಕೊಂಡ.

"ಅಚ್ಚ ಮಗಚಿ ಕುಂತೈತ್ರಿ. ತಲಿಕೆಳಗ ಜೋಡಸೇನಿ. ಸದ್ಯಕ್ಕ ಹಿಂದಿನ ಗಿಯರ ಹಾಕ್ರಿ, ಮುಂದ ಹೋಗತೈತಿ!"

ಮತ್ತೆ ಬಿಚ್ಚಿ ನೆಟ್ಟಗೆ ಜೋಡಿಸಿದ್ದಾಯಿತು. ಅಷ್ಟರಲ್ಲಿ ಜನ ಸುಮ್ಮನಿರುತ್ತಾರೆಯೆ? ಇವರಿಗೇಕೆ ಇಷ್ಟು ಶಕ್ತಿಯ ಗಾಡಿ? ರೇಶನ್ನಿನ ಕಾಲ, ಕಾಳಸಂತೆಗೆ ಜೋಳ ಸಾಗಿಸಲಿಕ್ಕೇ ಇರಬೇಕೆಂದು ಕೌಜಲಗಿಯವರೆಗೆ ಸುದ್ದಿ ಹರಡಿತು. ಅದಕ್ಕೆ ಸರಿಯಾಗಿ ಕಾಕಾ ಹಿಂದಿನ ಸೀಟು ಕಿತ್ತು ಹಾಕಿದ್ದರು!

ಕಾಕಾನ ಹೆಂಡತಿ, ನಮ್ಮ ಕಾಕು, ನನ್ನನ್ನು ಅಡಿಗೆಮನೆಗೆ ಕರೆದಳು. ಆಗ ನಾನು ಸಾಲಿಯಲ್ಲಿ ಮಾಸ್ತರ. ನನ್ನ ಮಾತಿಗೆ ಮನೆಯಲ್ಲಿ ಸ್ವಲ್ಪ ಬೆಲೆ ಇತ್ತು.

"ತಮ್ಮಾ, ನಿಮ್ಮ ಕಾಕಾನ ಲಕ್ಷಣ ಛಲೋ ಕಾಣವಲ್ದು. ಸೀಟ ತಗದ ಅಲ್ಲೆ ಹೊಸಾ ಗಾದಿ ಹಾಸ್ಯಾರ."

"ಕಾಳಿನ ಚೀಲಾ ಇಡಾಕ ಇರಬೇಕ ಕಾಕು."

"ಜ್ವಾಳಕ್ಕ ಯಾರರೆ ಗಾದಿ ಹಾಸತಾರೇನೋ?" ಎಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಕ್ಕೇರಿಯಾಚೆ ಕಣಗಲಾ ಕಡೆ ಯಾರೋ ಇದ್ದಾಳೆಂದು ಪಕ್ಕದ ಮನೆಯವಳು ಅವಳ ಕಿವಿಯಲ್ಲಿ ಊದಿದ್ದಳು.

ಮರುದಿನ ಕಾಕಾ "ಹುಕ್ಕೇರಿ ಕಡೆ ಕೆಲಸ ಐತಿ" ಎಂದು ಹೊರಟರು. ನೋಡಿದರೆ ಕಾಕು ಆಗಲೇ ಮುಂದಿನ ಸೀಟಿನಲ್ಲಿ ಕುಳಿತಿದ್ದಾಳೆ! ನಾನು ಹಿಂದೆ ಗಾದಿಯ ಅಂಚಿನಲ್ಲಿ. ಕಾಕಾ ಇಬ್ಬರನ್ನೂ ನೋಡಿದರು.

"ನಿಮ್ಮಿಬ್ಬರ ಮನಸಿನ್ಯಾಗ ಏನೈತಿ?"

"ನಿಮ್ಮ ಮನಸಿನ್ಯಾಗ ಏನೈತ್ರಿ?" ಎಂದಳು ಕಾಕು.

ಮೂವರು ಸಂಶಯಪಿಶಾಚಿಗಳನ್ನು ಹೊತ್ತ ಆ ಮೋಟಾರು ಗೋಕಾಕದ ಏರನ್ನು ನೀರು ಕುಡಿದಷ್ಟು ಸುಲಭವಾಗಿ ಹತ್ತಿತು. ಯಾರೂ ಹೊಗಳಲಿಲ್ಲ. ಹುಕ್ಕೇರಿ ಬಂತು. ಗಾಡಿ ಒಂದು ಓಣಿಗೆ ಹೊರಳಿತು. ಕಾಕುವಿನ ಮುಖ ಬಿಳಿಚಿತು. ಅದು ಅವಳ ತವರುಮನೆಯ ಓಣಿ.

ಬಾಗಿಲಲ್ಲಿ ನಿಂತಿದ್ದ ಅವಳ ಅಣ್ಣ, "ಬರ್ರಿ, ಅವ್ವ ಮುಂಜಾನಿಂದ ಹೊಸಾ ಸೀರಿ ಉಟಗೊಂಡ ದಾರಿ ಕಾಯಾಕತ್ತಾಳ" ಎಂದ. ಒಳಗೆ, ಬಿದ್ದು ಸೊಂಟ ಮುರಿದುಕೊಂಡು ಬಹಳ ದಿನದಿಂದ ಹಾಸಿಗೆ ಹಿಡಿದಿದ್ದ ಕಾಕುವಿನ ತಾಯಿ ಮಲಗಿದ್ದಳು.

"ಹ್ವಾದ ವರ್ಷ ನಿನ್ನ ಗಂಡ ನನ್ನ ಕರಕೊಂಡ ಹೋಗಾಕ ಬಂದಿದ್ದ ಮಗಳ" ಎಂದಳು ಮುದುಕಿ. "ನಿನ್ನ ಮನಿ ಒಮ್ಮೆ ನೋಡಬೇಕಂತ ನಾನ ಹಟಾ ಹಿಡದಿದ್ದೆ. ಏರಿನ್ಯಾಗ ಗಾಡಿ ನಿಂತಬಿಡ್ತು. ದಬ್ಬಾಕಂತ ನನ್ನ ಕೌದಿ ಸಮೇತ ಇಳಿಸಿ ಬಿಸಲಾಗ ಮಲಗಿಸಿದ್ರು. ಆದ್ರೂ ಏರಲಿಲ್ಲ. ಹೊಳ್ಳಿ ತಂದ ಬಿಟ್ಟ. 'ನಿಮ್ಮ ಮಗಳಿಗೆ ಹೇಳಬ್ಯಾಡ್ರಿ' ಅಂತ ಕೈ ಹಿಡಕೊಂಡ ಅತ್ತಾ."

ಕಾಕಾ ಹೊರಗೆ ಗಾದಿ ಝಾಡಿಸುವುದರಲ್ಲಿ ಮುಳುಗಿದ್ದರು. ಕಾಕು ಅವರ ಪಕ್ಕಕ್ಕೆ ಹೋಗಿ ಇನ್ನೊಂದು ತುದಿ ಹಿಡಿದಳು.

ಮುದುಕಿಯನ್ನು ಗಾದಿಯ ಮೇಲೆ ಮಲಗಿಸಿಕೊಂಡು ತಿರುಗಿ ಬರುವಾಗ ಅಷ್ಟೊಂದು ಶಕ್ತಿಯ ಗಾಡಿಯನ್ನು ಕಾಕಾ ಎತ್ತಿನ ನಡಿಗೆಯಲ್ಲಿ ಹೊಡೆದರು. ಹಿಂದಿನಿಂದ ಬಂದ ಚಕ್ಕಡಿಯವನು ದಾರಿ ಕೇಳಿದರೆ ಬಿಟ್ಟುಕೊಟ್ಟರು. ಏರು ಎದುರಾದಾಗ, ಮಗ್ಗುಲು ಬದಲಿಸಲೂ ಆಗದ ಆ ಮುದುಕಿ ತಲೆಯೆತ್ತಲು ನೋಡಿ ಕೇಳಿದಳು:

"ನಾ ಇಳೀಲೇನಪಾ?"

ಕಾಕಾ ಗಿಯರು ಬದಲಿಸಿದರು.

"ಬ್ಯಾಡ್ರಿ ಅತ್ತಿ," ಎಂದರು ಆಮೇಲೆ. "ನೀವ ಆರಾಮ ಮಲಗ್ರಿ."