ಮೋಡ ಕರೆದ ಸುಶೀಲಾಬಾಯಿ

ಜಯತೀರ್ಥರಾಯರು ಮನೆಯ ಮಸಾಲೆ ಪುಡಿ ಕಾರ್ಖಾನೆಯ ಬಾಗಿಲಿಗೆ ತೋರಣ ಕಟ್ಟಿ, ತಾವೇ ಮಾಡಿದ, ಮುಖ ನೋಡಿ ಬಾಗಿಲು ತೆರೆಯುವ ಗುರುತುಗನ್ನಡಿಗೆ ಕುಂಕುಮ ಹಚ್ಚಿ, ಭಾಷಣಕ್ಕೆ ಗಂಟಲು ಸರಿಮಾಡಿಕೊಂಡಾಗಲೇ ಇವತ್ತು ಏನೋ ಕೆಡುತ್ತದೆ ಎಂದು ಗೋದಾವರಿಗೆ ಅನ್ನಿಸಿತ್ತು. ರಾಯರು ಆಕೆಯ ನಾದಿನಿ ವನಮಾಲಾಳ ಗಂಡ. ಮದುವೆಯಾದಾಗಿನಿಂದ ಗದುಗಿನ ಈ ಮಾವನ ಮನೆಯಲ್ಲೇ ಇದ್ದಾರೆ. ಅವರ ಹಿಂದಿನ ಆವಿಷ್ಕಾರವಾದ, ತಾನೇ ರೊಟ್ಟಿ ಮಗುಚುವ ಹೆಂಚು ಪಕ್ಕದ ಮನೆಯ ಮಾಳಿಗೆಯ ಮೇಲೆ ಬಿದ್ದಿದೆ. ಅದನ್ನು ಕೇಳಿ ತರುವ ಮುಖ ಮನೆಯಲ್ಲಿ ಯಾರಿಗೂ ಇಲ್ಲ.

ಕೆಲಸದವರಲ್ಲಿ ಯಾರು ಯಾರೆಂದು ನೆನಪಿಡುವ ಕೆಲಸ ಇಷ್ಟು ದಿನ ಉಗ್ರಾಣದಲ್ಲಿದ್ದ ಕಬ್ಬಿಣದ ಸರ್ವರ್ ಪೆಟ್ಟಿಗೆಯದಾಗಿತ್ತು. ಪಾಪ, ಬಿಸಿಯಾಗುತ್ತದೆಂದು ಅದರ ನೆತ್ತಿಯ ಮೇಲೆ ಹೆಂಗಸರು ಸಂಡಿಗೆ ಒಣಗಿಸುತ್ತಿದ್ದರು. ಈಗ ಎಲ್ಲರ ಗುರುತನ್ನೂ ರಾಯರು ಕ್ಲೌಡಿಗೆ, ಅವರ ಬಾಯಲ್ಲಿ ಮೋಡಕ್ಕೆ, ಸಾಗಿಸಿಬಿಟ್ಟಿದ್ದರು. ಹೋದ ವಾರವೆಲ್ಲ ಪೆಟ್ಟಿಗೆಯೂ ಮೋಡವೂ ಒಂದನ್ನೊಂದು ಕೇಳಿಕೊಂಡು ಸಂಸಾರ ಮಾಡಿದ್ದವು. ಇವತ್ತಿನಿಂದ ಮೋಡ ಹೇಳಿದ್ದೇ ಮಾತು, ಪೆಟ್ಟಿಗೆ ಹೂಂ ಅನ್ನಬೇಕು ಅಷ್ಟೆ. ಬಾಗಿಲು, ಗಿರಣಿ, ಪೊಟ್ಟಣಕ್ಕೆ ಹೆಸರು ಒತ್ತುವ ಯಂತ್ರ, ಎಲ್ಲವೂ ಮೋಡವನ್ನು ಕೇಳಿಯೇ ಅಲುಗಾಡುವುದು!

ಹೆಂಗಸರು ಒಬ್ಬೊಬ್ಬರಾಗಿ ಮುಖ ತೋರಿಸಿ ಒಳಗೆ ಹೋದರು. ರಾಯರು ಮೀಸೆ ತಿರುವಿದರು. ಕೊನೆಗೆ ಗೋದಾವರಿ ನಿಂತಳು.

"ಬನ್ನಿ, ಸುಶೀಲಾಬಾಯಿ" ಎಂದಿತು ಕನ್ನಡಿ.

ಗೋದಾವರಿಗೆ ಮೈಯೆಲ್ಲ ಉರಿದುಹೋಯಿತು. ಮದುವೆಯ ದಿನ ಗಂಡ ಶ್ರೀಪಾದ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಬರೆದು ಇಟ್ಟ ಹೊಸ ಹೆಸರು ಅದು. ಮರುದಿನವೇ ಆಕೆ ಆ ಅಕ್ಕಿಯನ್ನು ಅನ್ನ ಮಾಡಿ ಎಲ್ಲರಿಗೂ ಬಡಿಸಿದ್ದಳು. ಆ ಹೆಸರಿಗೆ ಓಗೊಡದ ಆಕೆಯನ್ನು ಅತ್ತೆ ಕರೆದು ಕರೆದು ಸಾಕಾಗಿ ಕೊನೆಗೆ 'ಏನs' ಅನ್ನುವುದಕ್ಕೆ ಇಳಿದಿದ್ದರು. ಆದರೆ ರೇಷನ್ ಕಾರ್ಡಿನಲ್ಲಿ ಮಾತ್ರ ಸುಶೀಲಾಬಾಯಿ ಜೀವ ಹಿಡಿದುಕೊಂಡು ಕೂತಿದ್ದಳು.

ತನ್ನ ಹೆಸರು ಗೋದಾವರಿ ಎಂದು ಆಕೆ ಕನ್ನಡಿಗೆ ಗದರಿಸಿದಳು. ಆ ಹೆಸರಿನವರು ಯಾರೂ ಇಲ್ಲ ಎಂದು ಕನ್ನಡಿ ಬಾಗಿಲು ಮುಚ್ಚಿಕೊಂಡಿತು.

ರಾಯರು ಸಮಜಾಯಿಷಿ ಕೊಟ್ಟರು. ಒಂದು ಮುಖಕ್ಕೆ ಎರಡು ಹೆಸರಿದ್ದರೆ ಮೋಡಕ್ಕೆ ಗೊಂದಲವಾಗುತ್ತದೆ, ಅದಕ್ಕೇ ತಾವೊಂದು ನಿಯಮ ಹಾಕಿದ್ದು. ಮದುವೆಯಾಗಿ ಇನ್ನೊಬ್ಬರ ಮನೆಗೆ ಬಂದವರಿಗೆ ಆ ಮನೆಯವರು ಇಟ್ಟ ಹೆಸರೇ ಖಾಯಂ.

"ಒಮ್ಮೆ ಸುಶೀಲಾಬಾಯಿ ಅಂದುಬಿಡ್ರಿ ವೈನಿ. ಏನು ಹೋಗ್ತದ?"

"ನಿಮ್ಮ ಅತ್ತಿ ಮುಂದನs ಅನ್ನಲಿಲ್ಲ, ನಿಮ್ಮ ಕನ್ನಡಿ ಮುಂದ ಅಂತೀನೇನು?" ಎಂದು ಗೋದಾವರಿ ಹೊಸ್ತಿಲ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

ಪುಡಿಯ ಹದ ಆಕೆಯದು, ಆಕೆ ಇಲ್ಲದೆ ಗಿರಣಿ ತಿರುಗದು. ಹುರಿದ ಕೊತ್ತಂಬರಿ ಒಳಗೆ ಮೆತ್ತಗಾಗತೊಡಗಿತು. ಹೆಸರು ಒತ್ತುವ ಯಂತ್ರಕ್ಕೆ ಮಾತ್ರ ಎಲ್ಲಿಲ್ಲದ ಉತ್ಸಾಹ. 'ಗೋದಕ್ಕನ ಪುಡಿ' ಎಂದಿರಬೇಕಾದ ಪೊಟ್ಟಣಗಳ ಮೇಲೆ 'ಸುಶೀಲಾಬಾಯಿ ಪುಡಿ' ಎಂದು ಒತ್ತಿ ಒತ್ತಿ ರಾಶಿ ಹಾಕಿತು. ಯಾರೋ ಕಿಟಕಿಯಿಂದ ಒಂದನ್ನು ಹೊರಗೆ ಕೊಟ್ಟರು. ಅದನ್ನು ನೋಡಿ ಗೋದಾವರಿಯ ಕಣ್ಣು ತುಂಬಿತು. ಇಷ್ಟು ವರ್ಷ ತನ್ನ ಕೈಯಾರೆ ಹುರಿದು ಕುಟ್ಟಿ ಗಳಿಸಿದ ಹೆಸರು ಗೋದಕ್ಕ. ಸತ್ತರೂ ಬಿಟ್ಟುಕೊಡುವವಳಲ್ಲ ಅವಳು.

ಅಷ್ಟರಲ್ಲಿ ಮೋಡ ತಾನಾಗಿಯೇ ಪೇಟೆಯ ಅಂಗಡಿಯಲ್ಲಿದ್ದ ಶ್ರೀಪಾದನಿಗೆ ಫೋನು ಮಾಡಿ, ನಿಮ್ಮ ಹೆಂಡತಿ ಸುಶೀಲಾಬಾಯಿ ಕಾಣೆಯಾಗಿದ್ದಾರೆ, ಗೋದಾವರಿ ಎಂಬ ಅಪರಿಚಿತ ಹೆಂಗಸು ಬಾಗಿಲಲ್ಲಿ ಕೂತಿದ್ದಾರೆ ಎಂದು ದೂರಿತು. ಆ ಅಪರಿಚಿತಳೇ ತನ್ನವಳು, ಇನ್ನೊಬ್ಬಳು ಗೊತ್ತಿಲ್ಲ ಎಂದು ಅವನು ಫೋನು ಇಟ್ಟ.

ಸುದ್ದಿ ಕೇಳಿ ವನಮಾಲಾ ಓಡಿಬಂದು ಗಂಡನನ್ನು ತರಾಟೆಗೆ ತೆಗೆದುಕೊಂಡಳು. ವೈನಿಯ ಹೆಸರು ವೈನಿಗೆ ಕೊಡದಿದ್ದರೆ ರಾತ್ರಿ ಊಟ ಮೋಡದಲ್ಲೇ ಮಾಡಿಕೊಳ್ಳಬೇಕು ಎಂದಳು. ರಾಯರು ಗೊಣಗುತ್ತ ಒಳಗೆ ಹೋಗಿ ಕಂಪ್ಯೂಟರಿನಲ್ಲಿ ಏನೇನೋ ಒತ್ತಿ, ಸುಶೀಲಾಬಾಯಿ ಎಂಬ ಹೆಸರನ್ನು ಗೋದಾವರಿಯಿಂದ ಬಿಡಿಸಿದರು. ಫಲ ನೋಡಲು ಹೊರಗೆ ಬಂದರು.

"ಬನ್ನಿ, ಗೋದಾವರಿ" ಎಂದಿತು ಕನ್ನಡಿ. ಆಕೆ ಸೆರಗು ಕೊಡವಿಕೊಂಡು ಒಳಗೆ ನಡೆದಳು. ಗಿರಣಿ ಗುಡುಗಿತು. ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು.

ರಾಯರು ಹಿಂದೆಯೇ ಹೊರಟರೆ ಬಾಗಿಲು ಅಡ್ಡವಾಯಿತು. ಹೆಸರೊಂದು ಖಾಲಿ ಬಿದ್ದಿದೆ, ನಿಯಮವೋ ಹಾಗೇ ಇದೆ. ಮದುವೆಯಾಗಿ ಇನ್ನೊಬ್ಬರ ಮನೆಗೆ ಬಂದೂ ಆ ಮನೆಯವರು ಇಟ್ಟ ಹೆಸರಿಲ್ಲದವರು ಯಾರೆಂದು ಮೋಡ ಹುಡುಕಿತ್ತು. ಈಗಷ್ಟೇ ಬಿಡಿಸಿಕೊಂಡ ಗೋದಾವರಿಯನ್ನು ಬಿಟ್ಟರೆ ಸಿಕ್ಕವರು ಒಬ್ಬರೇ.

"ಬನ್ನಿ, ಸುಶೀಲಾಬಾಯಿ. ಹೊಸ ಹೆಸರು, ಒಮ್ಮೆ ನಿಮ್ಮ ಬಾಯಿಂದಲೇ ಹೇಳಿ."

ರಾಯರು ಹೌಹಾರಿದರು. ತಾನು ಜಯತೀರ್ಥ, ಗಂಡಸು, ಈ ಯಂತ್ರದ ತಂದೆ ಎಂದು ಕೂಗಾಡಿದರು. ಕನ್ನಡಿ ಜಗ್ಗಲಿಲ್ಲ. ನಿಯಮ ತಿದ್ದುವ ಕಂಪ್ಯೂಟರು ಒಳಗೆ, ಕನ್ನಡಕ ಒಳಗೆ, ವನಮಾಲಾ ಕಟ್ಟಿಕೊಟ್ಟ ಬದನೆಕಾಯಿ ಎಣಗಾಯಿಯ ಡಬ್ಬಿಯೂ ಒಳಗೆ. ಕಿಟಕಿಯಲ್ಲಿ ಗೋದಾವರಿಯ ಮುಖ ಕಂಡಿತು.

"ಒಮ್ಮೆ ಅಂದುಬಿಡ್ರಿ ರಾಯರs. ಏನು ಹೋಗ್ತದ?"

ರಾಯರು ಅತ್ತಿತ್ತ ನೋಡಿ ಪಿಸುಗುಟ್ಟಿದರು. ಕೇಳಿಸಲಿಲ್ಲ ಎಂದಿತು ಕನ್ನಡಿ. ಎಣಗಾಯಿಯ ವಾಸನೆ ಕಿಟಕಿ ದಾಟಿ ಬಂತು. "ಸುಶೀಲಾಬಾಯಿ!" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದರು. ಬಾಗಿಲು ತೆರೆಯಿತು.

ಗೋದಾವರಿ ಒತ್ತಿಟ್ಟ ಪೊಟ್ಟಣಗಳ ರಾಶಿಯನ್ನು ಅವರ ಕಡೆ ಸರಿಸಿದಳು.

"ತೊಗೋರಿ, ನಿಮ್ಮ ಹೆಸರಿನವು. ನಾ ಇಷ್ಟು ವರ್ಷ ತಡಕೊಂಡೆ ನೋಡ್ರಿ, ನಿಮಗ ಊಟದ ಹೊತ್ತಿನ ತನಕನೂ ಆಗಲಿಲ್ಲ."