ಹಂಸ ಕೂತ ಮನೆ ಬಾಡಿಗೆಗಿದೆ

ಹೋಟೆಲಿನ ಹಾಸಿಗೆ ತನ್ನನ್ನು ತಾನೇ ಹಾಸಿಕೊಳ್ಳುವುದಿಲ್ಲ. ನೀವು ಬೆಳಿಗ್ಗೆ ಉಂಡೆ ಮಾಡಿ ಎಸೆದುಹೋದ ಹೊದಿಕೆ ಸಂಜೆ ಇಸ್ತ್ರಿಯ ಗೆರೆಯೊಂದಿಗೆ ನಿಮಗಾಗಿ ಕಾದಿರುತ್ತದೆಂದರೆ, ನಡುವೆ ಎಲ್ಲೋ ಒಬ್ಬ ಮನುಷ್ಯ ಸೊಂಟ ಬಗ್ಗಿಸಿದ್ದಾನೆ. ಪ್ರವಾಸಿಗರಿಂದಲೇ ಹೊಟ್ಟೆ ಹೊರೆಯುವ ಈ ಪರದೇಶದಲ್ಲಿ ಆ ಸೊಂಟ ನನ್ನದು. ಬಗ್ಗಿಸಿ ಬಗ್ಗಿಸಿ ಈಗ ಮೇಲ್ವಿಚಾರಕನಾಗಿದ್ದೇನೆ. ಅಂದರೆ ಸ್ವಂತ ಸೊಂಟದ ಜೊತೆಗೆ ಪರರ ಸೊಂಟಗಳಿಗೂ ನಾನೇ ಹೊಣೆ.

ಈ ದೇಶಕ್ಕೆ ಪ್ರವಾಸಿಯಾಗಿ ಬಂದು ನೋಡಿ. ವಿಮಾನ ನಿಲ್ದಾಣದಲ್ಲಿ ಒಂದು ನಗು, ಒಂದು ಮುದ್ರೆ, ಕೈಗೊಂದು ನಕ್ಷೆ, ಕುಡಿಯಲು ತಣ್ಣನೆಯ ಶರಬತ್ತು. ಅದೇ ಪ್ರವಾಸಿಯ ಕಮೋಡು ತಿಕ್ಕಲು ಬಂದು ನೋಡಿ. ವಲಸೆ ಕಚೇರಿಯಲ್ಲಿ ನೆಲಕ್ಕೆ ಬೋಲ್ಟು ಬಿಗಿದ ಕುರ್ಚಿ (ನಾವು ಹೊತ್ತುಕೊಂಡು ಹೋಗುತ್ತೇವಂತೆ), ಕೈಗೊಂದು ಟೋಕನ್ನು, ಮತ್ತು ನಿಮ್ಮ ಸರದಿ ಬಂದಾಗ ತಪ್ಪದೆ ಮುಚ್ಚಿಕೊಳ್ಳುವ ಕಿಟಕಿ. ಅದೇ ಕಟ್ಟಡದ ಇನ್ನೊಂದು ಬಾಗಿಲಲ್ಲಿ ಪ್ರವಾಸೋದ್ಯಮದ ಕೌಂಟರಿದೆ. ಅಲ್ಲಿ ಸೋಫಾ. ಗಾಜಿನ ಗೋಡೆಯಾಚೆಯಿಂದ ನಾವು ಆ ಸೋಫಾದ ದರ್ಶನ ಮಾಡಬಹುದು, ಅದಕ್ಕೆ ಟೋಕನ್ ಬೇಡ.

ಈ ವರ್ಷ ನನ್ನ ಮತ್ತು ಹೆಂಡತಿಯ ವಾಸದ ಪರವಾನಗಿ ನವೀಕರಣಕ್ಕೆ ಬಂದಿತ್ತು. ಹೊಸ ನಿಯಮವೊಂದು ಹುಟ್ಟಿತ್ತು: ಅಧಿಕಾರಿಯೊಬ್ಬರು ಮನೆಗೇ ಬಂದು, ನೀವು ಅಲ್ಲಿ ನಿಜವಾಗಿ ವಾಸವಿದ್ದೀರಾ ಎಂದು ನೋಡುತ್ತಾರೆ. ಏಕೆಂದರೆ ಇಲ್ಲಿನ ಮನೆ ಮಾಲೀಕರೆಲ್ಲ ವಾಸವಿದ್ದವರನ್ನು ಎಬ್ಬಿಸಿ, ಮನೆಗಳನ್ನು ದಿನದ ಬಾಡಿಗೆಗೆ ಪ್ರವಾಸಿಗರಿಗೆ ಕೊಡುತ್ತಿದ್ದರು. ಅಂದರೆ ನಿಯಮ ನಮ್ಮ ರಕ್ಷಣೆಗೇ ಹುಟ್ಟಿದ್ದು. ನಮ್ಮ ರಕ್ಷಣೆಗೆ ಹುಟ್ಟಿದ ನಿಯಮಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ.

ಹೆಂಡತಿಗೆ ಅದಕ್ಕಿಂತ ದೊಡ್ಡ ಚಿಂತೆಯಿತ್ತು. ಊರಿನಲ್ಲಿ ಅವಳ ತಂಗಿಗೆ ದಿನ ತುಂಬುತ್ತಿತ್ತು. ತಾಯಿಯಿಲ್ಲದ ಹುಡುಗಿ, ಜಡೆ ಹಾಕಿ, ಬೈದು, ಉಣ್ಣಿಸಿ ಬೆಳೆಸಿದವಳು ಇವಳೇ. ಹೆರಿಗೆಗೆ ಇವಳು ಹೋಗಲೇಬೇಕು. ಪರವಾನಗಿ ಕೈಯಲ್ಲಿಲ್ಲದೆ ಹೋಗಬಹುದು, ವಾಪಸ್ ಬರುವಂತಿಲ್ಲ.

"ರೀ, ಏಜೆಂಟನ್ನ ಹಿಡಿಯೋಣ. ಎದುರುಮನೆ ನರ್ಸೂ ಅವನನ್ನೇ ಹಿಡಿದಿದ್ದಾಳಂತೆ" ಎಂದಳು.

"ಏಜೆಂಟಾ? ಕೋಣೆ ತಪಾಸಣೆಗೆ? ನನಗೆ?" ನಾನು ಎದ್ದು ನಿಂತೆ. "ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡು ಮಂಚದ ಕೆಳಗೆ ತೂರೋ ಮ್ಯಾನೇಜರುಗಳನ್ನೇ ನಾನು ನೋಡಿದ್ದೀನಿ. ನನ್ನ ಕೋಣೇಲಿ ತಪ್ಪು ಹುಡುಕೋ ಅಧಿಕಾರಿ ಇನ್ನೂ ಹುಟ್ಟಿಲ್ಲ."

"ಹುಟ್ಟದೇ ಇರಬಹುದು. ಮಂಗಳವಾರ ಬರ್ತಾ ಇದಾರೆ" ಎಂದಳು ಹೆಂಡತಿ.

ಇಲ್ಲಿ ನಮ್ಮ ಜನರ ಬಗ್ಗೆ ಒಂದು ಮಾತು ಹೇಳಬೇಕು. ಯಾರಾದರೂ ಮನೆಗೆ ಬರುತ್ತಾರೆಂದರೆ ನಾವು ಮಾಡುವ ಮೊದಲ ಕೆಲಸವೇನು? ಮನೆಯಲ್ಲಿ ಮನುಷ್ಯರಿದ್ದಾರೆಂಬ ಗುರುತನ್ನೆಲ್ಲ ಅಳಿಸುವುದು. ಒಣಹಾಕಿದ ಬಟ್ಟೆ ಮಾಯ, ಮೇಜಿನ ಮೇಲಿನ ಔಷಧದ ಪಟ್ಟಿ ಮಾಯ, ಕಾಲೊರೆಸುವ ಚಿಂದಿ ಮಾಯ. ನಾವು ಬಟ್ಟೆ ಒಗೆಯುವುದಿಲ್ಲ, ನಮಗೆ ಅಸಿಡಿಟಿಯಿಲ್ಲ, ನಮ್ಮ ಕಾಲಿಗೆ ಧೂಳು ತಾಕುವುದಿಲ್ಲ. ಈ ಹುಟ್ಟುಗುಣಕ್ಕೆ ನನ್ನ ವೃತ್ತಿಯೂ ಬಂದು ಸೇರಿತು ನೋಡಿ. ನಮ್ಮ ಹೋಟೆಲಿನಲ್ಲಿ ಹೊಸಬರಿಗೆ ನಾನು ಕಲಿಸುವ ಮೊದಲ ಪಾಠವೇ ಇದು: 'ಈ ಕೋಣೆಯಲ್ಲಿ ಇದುವರೆಗೆ ಯಾರೂ ಬದುಕಿಲ್ಲ ಅನ್ನಿಸಬೇಕು.'

ಸೋಮವಾರ ರಜೆ ಹಾಕಿ ಯುದ್ಧಕ್ಕಿಳಿದೆ. ಕುಕ್ಕರ್, ಒಗ್ಗರಣೆ ಡಬ್ಬಿ, ಬಕೆಟ್ಟು, ಹಿಡಿ ಮುರಿದ ಬಾಣಲೆ, ನನ್ನ ಲುಂಗಿಗಳು, ಶೇವಿಂಗ್ ಬ್ರಷ್ಷು, ಅವಳ ನೈಟಿಗಳು, ಸೊಂಟನೋವಿನ ಎಣ್ಣೆ, ಯಾವ ಡಬ್ಬಿಗೂ ಕೂರದ ಮುಚ್ಚಳಗಳ ಗಂಟು, ಎಲ್ಲವನ್ನೂ ಹೊರಗೆ ಹಾಕಿದೆ. ಬೀರುವಿನಲ್ಲಿ ತುರುಕಿದರೆ ಅಧಿಕಾರಿ ಬೀರು ತೆಗೆಯಬಹುದು. ಹಾಗಾಗಿ ಎದುರುಮನೆಯ ನರ್ಸಿನ ಬಾಗಿಲು ತಟ್ಟಿದೆ. ಒಂಟಿಯಾಗಿರುವ ಹುಡುಗಿ, ನನ್ನನ್ನು ಅಣ್ಣಾ ಎನ್ನುತ್ತಾಳೆ.

"ಒಂದೇ ದಿನದ ಮಟ್ಟಿಗೆ ಅಮ್ಮಾ."

"ಇಷ್ಟೊಂದಾ ಅಣ್ಣಾ? ಮನೆ ಖಾಲಿ ಮಾಡ್ತಾ ಇದೀರಾ?"

"ಮನೆ ಉಳಿಸಿಕೊಳ್ತಾ ಇದೀನಿ."

ಆಮೇಲೆ ಹೋಟೆಲು ಬೇಡವೆಂದು ಎಸೆದಿದ್ದ ಬಿಳಿ ಚಾದರ ಹಾಸಿದೆ. ನಾಣ್ಯ ಬಿಟ್ಟರೆ ಪುಟಿಯಬೇಕು, ಹಾಗೆ ಎಳೆದು ಕಟ್ಟಿದೆ. ದಿಂಬುಗಳನ್ನು ನಿಲ್ಲಿಸಿದೆ. ಪಕ್ಕದಲ್ಲಿ ಎರಡು ನೀರಿನ ಬಾಟಲಿ, ಬಚ್ಚಲಲ್ಲಿ ಸಣ್ಣ ಸೋಪು. ಕೊನೆಗೆ, ಕಲಾವಿದನ ಕೈ ಸುಮ್ಮನಿರುತ್ತದೆಯೆ? ಟವೆಲನ್ನು ಸುತ್ತಿ, ಕತ್ತು ಬಾಗಿಸಿ, ಹಾಸಿಗೆಯ ನಟ್ಟನಡುವೆ ಒಂದು ಹಂಸ ಕೂರಿಸಿದೆ. ಒಂದು ಲವಂಗ ಚುಚ್ಚಿ ಕಣ್ಣಿಟ್ಟೆ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಇವತ್ತು ನಾವು ಎಲ್ಲಿ ಮಲಗೋದು?"

"ನೆಲದ ಮೇಲೆ. ಹಾಸಿಗೆ ಮುಟ್ಟಿದರೆ ನೋಡು."

ಮಂಗಳವಾರ ಅಧಿಕಾರಿ ಬಂದರು. ಬಿಸಿಲಿಗೆ ಬಳಲಿದ ಹೆಂಗಸು, ಕೈಯಲ್ಲಿ ಫೋಟೊ ತೆಗೆಯುವ ಟ್ಯಾಬು. ಅವರು ಮಾತಾಡಿದ್ದು ಈ ದೇಶದ ಭಾಷೆಯಲ್ಲಿ; ನಿಮಗೆ ನಮ್ಮ ಭಾಷೆಯಲ್ಲಿ ಒಪ್ಪಿಸುತ್ತಿದ್ದೇನೆ. ಅಡುಗೆಮನೆ ನೋಡಿದರು, ಫೋಟೊ. ಬಚ್ಚಲು ನೋಡಿದರು, ಫೋಟೊ. ಮಲಗುವ ಕೋಣೆಗೆ ಬಂದು ಹಂಸದೆದುರು ತುಂಬ ಹೊತ್ತು ನಿಂತರು. ನಾನು ಹೊಗಳಿಕೆಗೆ ತಲೆ ಬಾಗಿಸಿ ನಿಂತೆ.

"ದಿನಕ್ಕೆ ಎಷ್ಟು ತಗೋತೀರಿ?"

"ಏನಕ್ಕೆ ಮೇಡಂ?"

"ಈ ಕೋಣೆಗೆ. ಇಲ್ಲಿ ಯಾರೂ ವಾಸ ಇಲ್ಲ. ಇದು ಪ್ರವಾಸಿಗರಿಗೆ ಕೊಡೋ ಮನೆ. ನಾನು ಇಂಥವು ಎಷ್ಟೋ ನೋಡಿದ್ದೀನಿ, ಆದರೆ ಇಷ್ಟು ಚೆನ್ನಾಗಿರೋದನ್ನ ನೋಡಿರಲಿಲ್ಲ."

ನನ್ನ ಇಡೀ ವೃತ್ತಿಜೀವನದಲ್ಲಿ ಸಿಕ್ಕ ಅತ್ಯುತ್ತಮ ಪ್ರಶಂಸೆ ಅದು.

"ಅಯ್ಯೋ, ನಾವೇ ಇರೋದು ಮೇಡಂ!" ಎಂದಳು ಹೆಂಡತಿ. "ಅಡುಗೆ ಮಾಡ್ತೀವಿ, ಒಗೀತೀವಿ, ಎಲ್ಲಾ ಮಾಡ್ತೀವಿ."

"ಯಾವುದರಲ್ಲಿ ಅಡುಗೆ ಮಾಡ್ತೀರಿ?"

ಅವಳು ನನ್ನ ಮುಖ ನೋಡಿದಳು. ಆ ನೋಟವನ್ನು ವರ್ಣಿಸುವುದಿಲ್ಲ, ಮದುವೆಯಾದವರಿಗೆ ಗೊತ್ತು.

ಅಧಿಕಾರಿಯ ಮುಂದಿನ ತಪಾಸಣೆ ಎಲ್ಲಿತ್ತು ಹೇಳಿ? ಎದುರುಮನೆಯಲ್ಲಿ. ನರ್ಸಿನ ಏಜೆಂಟು ಅದೇ ದಿನಕ್ಕೆ ವ್ಯವಸ್ಥೆ ಮಾಡಿಸಿದ್ದ, ಪುಣ್ಯಾತ್ಮ. ಮುಂಚಿತವಾಗಿ ತಿಳಿಸುವುದು ಅವನ ಕೆಲಸದಲ್ಲಿ ಸೇರಿರಲಿಲ್ಲವಂತೆ. ನಾವೂ ಹಿಂದೆಯೇ ಓಡಿದೆವು. ಒಬ್ಬಳಿಗೆ ಮಂಜೂರಾದ ಮನೆಯಲ್ಲಿ ಎರಡು ಕುಕ್ಕರ್, ಮೂಟೆಗಟ್ಟಲೆ ಬಟ್ಟೆ, ಮುಚ್ಚಳಗಳ ಬೆಟ್ಟ.

ಅಧಿಕಾರಿ ಲುಂಗಿಯೊಂದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಇಲ್ಲಿ ಗಂಡಸು ಯಾರು ಇರೋದು?"

"ಯಾರೂ ಇಲ್ಲ ಮೇಡಂ. ಅದು ಇವರ ಲುಂಗಿ" ಎಂದು ನರ್ಸು ನನ್ನತ್ತ ಬೆರಳು ಮಾಡಿದಳು.

"ಇವರ ಲುಂಗಿ ನಿಮ್ಮ ಮನೇಲಿ ಯಾಕಿದೆ?"

ಜಗತ್ತಿನ ಯಾವ ಭಾಷೆಯಲ್ಲೂ ಈ ಪ್ರಶ್ನೆಗೆ ಮರ್ಯಾದಸ್ಥ ಉತ್ತರವಿಲ್ಲ. ನರ್ಸಿಗೆ ಅಳು ಬಂತು. ನಾನೇ ಬಾಯಿಬಿಟ್ಟೆ. "ನಮ್ಮಲ್ಲಿ ಯಾರಾದರೂ ಮನೆಗೆ ಬರ್ತಾರೆ ಅಂದ್ರೆ ಸಾಮಾನೆಲ್ಲ ಬಚ್ಚಿಡ್ತೀವಿ ಮೇಡಂ."

"ನೀವು ವಾಸ ಮಾಡ್ತಿದೀರಾ ಅಂತ ನೋಡೋಕೆ ಬಂದವಳಿಂದ, ವಾಸ ಮಾಡೋದನ್ನೇ ಬಚ್ಚಿಟ್ರಾ?"

ಅಷ್ಟರಲ್ಲಿ ಹೆಂಡತಿಯ ಸಹನೆ ಮುಗಿದಿತ್ತು. ಒಂದೊಂದೇ ಸಾಮಾನು ಎತ್ತಿಕೊಂಡು, ಒಂದೊಂದಕ್ಕೂ ನನ್ನನ್ನು ಬೈಯುತ್ತ, ಎರಡು ಮನೆಗಳ ನಡುವಿನ ಪಡಸಾಲೆ ದಾಟಿ ನಮ್ಮ ಮನೆಗೆ ಸಾಗಿಸತೊಡಗಿದಳು. "ಈ ಬಾಣಲೆ ಹಿಡಿ ಹಾಕಿಸ್ತೀನಿ ಅಂದು ವರ್ಷ ಆಯ್ತು. ಈ ಎಣ್ಣೆ ಹಚ್ಚಿ ಹಚ್ಚಿ ನನ್ನ ಕೈ ಸವೀತು. ಊರಿನ ಜನರ ಹಾಸಿಗೆ ಹಾಸಿ ಹಾಸಿ ಸ್ವಂತ ಮನೇಲೂ ಗಿರಾಕಿ ಥರ ಇರ್ತೀರಾ? ತಂಗಿ ಅಲ್ಲಿ ದಾರಿ ಕಾಯ್ತಾ ಇದಾಳೆ, ಇವರು ಇಲ್ಲಿ ಬಾತುಕೋಳಿ ಮಾಡ್ಕೊಂಡು ಕೂತಿದಾರೆ."

"ಹಂಸ" ಎಂದೆ ನಾನು, ಬುದ್ಧಿಯಿಲ್ಲದೆ.

ಭಾಷೆ ತಿಳಿಯದಿದ್ದರೂ ಅಧಿಕಾರಿ ಪಡಸಾಲೆಯಲ್ಲಿ ನಿಂತು ಪೂರ್ತಿ ಕೇಳಿದರು. ನಂತರ ನರ್ಸಿಗೆ ಅಲ್ಲೇ ಒಪ್ಪಿಗೆ ಒತ್ತಿದರು. ನನ್ನ ಕಡೆ ತಿರುಗಿ, "ದಿನದ ಬಾಡಿಗೆಗೆ ಬಂದವರು ಹೀಗೆ ಜಗಳ ಆಡೋಲ್ಲ. ನಾನು ನಂಬ್ತೀನಿ. ಆದರೆ ಫೋಟೊಗಳು ಆಗಲೇ ಕಚೇರಿಗೆ ಹೋಗಿವೆ, ಅಳಿಸೋಕೆ ಬರೋಲ್ಲ. ಮತ್ತೊಮ್ಮೆ ಬರ್ತೀನಿ, ಯಾವತ್ತು ಅಂತ ಹೇಳೋಲ್ಲ. ಆಗ ನೀವು ಇದೇ ಮನೇಲಿ ಇರಬೇಕು" ಎಂದರು. ಹೋಗುವಾಗ ಮೆಲ್ಲಗೆ ಸೇರಿಸಿದರು: "ಆ ಹಂಸ ಬೇಡ."

ಅಲ್ಲಿಗೆ ಮುಗಿಯಿತೆಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡೆ. ಆದರೆ ಅನುಮಾನದ ಮನೆಗಳ ಫೋಟೊ ಮಾಲೀಕನಿಗೂ ಹೋಗುತ್ತದಂತೆ, ವಿವರಣೆ ಕೇಳಿ. ಇಷ್ಟು ವರ್ಷಗಳಲ್ಲಿ ಸೋರುವ ನಲ್ಲಿ ನೋಡಲು ಒಂದು ದಿನವೂ ಬಾರದ ಮಾಲೀಕ ಮರುದಿನವೇ ಓಡಿಬಂದ. ಮುಖದಲ್ಲಿ ಕೋಪವಿರಲಿಲ್ಲ, ಬೆರಗಿತ್ತು.

"ನನ್ನ ಮನೆ ಇಷ್ಟು ಚೆನ್ನಾಗಿದೆ ಅಂತ ನನಗೇ ಗೊತ್ತಿರಲಿಲ್ಲವಲ್ರೀ" ಎಂದ. ಆಗಲೇ ಪ್ರವಾಸೋದ್ಯಮದ ಕೌಂಟರಿಗೆ ಹೋಗಿ ಬಂದಿದ್ದ. ಸೋಫಾದಲ್ಲಿ ಕೂರಿಸಿ, ಶರಬತ್ತು ಕೊಟ್ಟು, ಕುಡಿದು ಮುಗಿಸುವುದರೊಳಗೆ ದಿನದ ಬಾಡಿಗೆಯ ಲೈಸೆನ್ಸು ಕೈಗಿಟ್ಟರಂತೆ. ನಾವಿಲ್ಲಿ ಬದುಕಿದ್ದೇವೆಂದು ರುಜುವಾತು ಮಾಡಲು ಬೋಲ್ಟು ಬಿಗಿದ ಕುರ್ಚಿಯಲ್ಲಿ ಕಾಯಬೇಕು. ನಮ್ಮನ್ನು ಎಬ್ಬಿಸುವವನಿಗೆ ಒಂದು ಲೋಟ ಶರಬತ್ತಿನಷ್ಟು ಹೊತ್ತು ಸಾಕು.

"ಮೊದಲ ಬುಕಿಂಗ್ ಬಂದ ದಿನ ಖಾಲಿ ಮಾಡಿ. ಈ ಸೀಸನ್ ಮುಗಿಯೋವರೆಗೂ ಯಾರೂ ಬರದೇ ಇದ್ರೆ ನೀವೇ ಇರಿ. ಹೇಗೂ ಮನೆ ಚೆನ್ನಾಗಿ ಇಟ್ಟುಕೊಳ್ತೀರಿ" ಎಂದು ನನ್ನ ಬೆನ್ನು ತಟ್ಟಿದ. ಅವನು ಜಾಹೀರಾತಿಗೆ ಹಾಕಿರುವುದು ಅಧಿಕಾರಿ ತೆಗೆದ ಫೋಟೊಗಳನ್ನೇ. ಸರ್ಕಾರಿ ಖರ್ಚು, ನನ್ನ ಶ್ರಮ.

ಈಗ ನಮ್ಮ ಮನೆಯ ಬಾಗಿಲಿಗೇ ನನ್ನ ಲುಂಗಿ ಬಾವುಟದಂತೆ ಹಾರುತ್ತಿದೆ. ಮುಚ್ಚಳಗಳು ಹಜಾರದಲ್ಲಿ ಮೆರೆಯುತ್ತಿವೆ. ಟವೆಲ್ ಮಡಚುವುದನ್ನು ಹೆಂಡತಿ ನಿಷೇಧಿಸಿದ್ದಾಳೆ. ನಾನು ಮಡಚಲು ಕೈಹಾಕಿದರೆ ಕೆಮ್ಮುತ್ತಾಳೆ. ಅಧಿಕಾರಿ ಇನ್ನೂ ಬಂದಿಲ್ಲ. ತಂಗಿ ದಿನವೂ ಫೋನು ಮಾಡುತ್ತಾಳೆ. "ಅಕ್ಕಾ, ಬರ್ತೀಯಾ ತಾನೆ?" "ಬರ್ತೀನಿ ಕಣೇ, ಬರದೆ ಇರ್ತೀನಾ" ಎನ್ನುತ್ತಾಳೆ ಇವಳು. ಫೋನಿಟ್ಟ ಮೇಲೆ ಮೂಲೆಯಲ್ಲಿ ಕಟ್ಟಿಟ್ಟಿರುವ ಪೆಟ್ಟಿಗೆಯನ್ನು ನೋಡುತ್ತಾಳೆ. ಹೊರಗಿನ ಮೆಟ್ಟಿಲಲ್ಲಿ ಚಕ್ರದ ಸೂಟ್‌ಕೇಸಿನ ಸದ್ದಾದರೆ ಇಬ್ಬರೂ ಬಾಗಿಲಿಗೆ ಕಿವಿ ಹಚ್ಚುತ್ತೇವೆ.

ನಿನ್ನೆ ಮಾಲೀಕ ಖುಷಿಯಿಂದ ಹೇಳಿದ: ವಿಚಾರಿಸುವವರಲ್ಲಿ ಹೆಚ್ಚಿನವರು ನಮ್ಮ ಕಡೆಯವರೇ ಅಂತೆ. ರಜೆಗೆ ಹೊರಟಿದ್ದೀರಂತೆ. ಎಲ್ಲರೂ ಕೇಳುವುದು ಒಂದೇ ಮಾತಂತೆ: 'ಆ ಹಂಸ ಇರುತ್ತದೆ ತಾನೆ?'

ಹಾಗಾಗಿ ನಿಮಗೇ ಹೇಳುತ್ತಿದ್ದೇನೆ. ಹೌದು, ಈಗಷ್ಟೇ ಫೋನಿನಲ್ಲಿ ಅಗ್ಗದ ಮನೆ ಹುಡುಕುತ್ತಿದ್ದ ನಿಮಗೆ. ಬಿಳಿ ಚಾದರದ ನಡುವೆ ಲವಂಗದ ಕಣ್ಣಿನ ಹಂಸ ಕಂಡರೆ ಬುಕ್ ಮಾಡಬೇಡಿ. ಒಳಗೆ ನಾವಿದ್ದೇವೆ.